ಕುದಿಯದ ಕಾರಿನಲ್ಲಿ ಬೆನ್ಸನ್ ಟೌನಿಗೆ

ಕುದಿಯಲಿಲ್ಲ. ಗರುಡಾಚಾರ್‌ಪಾಳ್ಯದಿಂದ ಬೆನ್ಸನ್ ಟೌನಿಗೆ ಹೋಗಿ, ನಮ್ಮ ಅಕ್ಕನನ್ನು ಕೂರಿಸಿಕೊಂಡು ವಾಪಸ್ಸು ಬಂದೆವು. ನಮ್ಮ ಹಳೆಯ ಬಿಳಿ ಕಾರು ಒಂದು ಸಲವೂ ಕುದಿಯಲಿಲ್ಲ. ಈ ಮಾತನ್ನು ಎದುರು ಮನೆಯವರಿಗೆ, ಹಾಲಿನವನಿಗೆ, ಫೋನಿನಲ್ಲಿ ದಾವಣಗೆರೆಯ ನಾದಿನಿಗೆ ಹೇಳಿಯಾಯಿತು. ಆದರೂ ಹೊಟ್ಟೆಯೊಳಗಿನ ಖುಷಿ ಮುಗಿಯದೆ ಬರೆಯಲು ಕೂತಿದ್ದೇನೆ. ನನ್ನ ಮೊಮ್ಮಗಳು ನಂದಿನಿ ಆ ಕಾರಿನ ಎಂಜಿನ್ನಿಗೆ ಬ್ಯಾಟರಿಯಿಂದ ಓಡುವ ನೀರಿನ ಪಂಪು ಹಾಕಿದ್ದಾಳೆ.

ನಮ್ಮ ಯಜಮಾನರು ಕಾರ್ಖಾನೆಯ ಕೆಲಸದಲ್ಲಿದ್ದಾಗ ಕೊಂಡ ಕಾರು ಅದು. ಇತ್ತೀಚೆಗೆ ಕೆ.ಆರ್.ಪುರದ ತೂಗುಸೇತುವೆ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಹೋದ ವರ್ಷ ಒಂದು ಮದುವೆಗೆ ಹೊರಟಾಗ ನಮ್ಮಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಸೇತುವೆಯ ಪಕ್ಕ ಬಿಸಿಲಲ್ಲಿ ನಿಂತಿದ್ದಳು. ಆಮೇಲೆ ಅವಳು ಈ ಕಾರನ್ನು ಹತ್ತಿರಲಿಲ್ಲ. ನನ್ನ ಮಗ ರಮೇಶ ಗುಜರಿಯವನಿಗೆ ಹೇಳಿಬಿಟ್ಟಿದ್ದ. ಸೋಮವಾರ ಬೆಳಿಗ್ಗೆ ಬಂದು ಎಳೆದುಕೊಂಡು ಹೋಗುವುದೆಂದು ಮಾತಾಗಿತ್ತು. ಯಜಮಾನರು ಬೇಡ ಎನ್ನಲಿಲ್ಲ. ಆದರೆ ಸಂಜೆಯಾದರೆ ಒಬ್ಬರೇ ಹೋಗಿ ನಿಂತ ಕಾರಿನೊಳಗೆ ಕೂತು ರೇಡಿಯೊ ಕೇಳಿ ಬರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಂದಿನಿ ರಮೇಶನ ಮಗಳು, ನಮ್ಮಕ್ಕ ಅವಳಿಗೆ ದೊಡ್ಡಜ್ಜಿ. ಡಿಪ್ಲೊಮಾ ಮುಗಿಸಿ ಇಲ್ಲೇ ಹತ್ತಿರದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಅಪ್ಪನ ಮುಂದೆ ನಿಂತು, "ದೊಡ್ಡಜ್ಜೀನ ಇದೇ ಕಾರಲ್ಲಿ ಕರ್ಕೊಂಡ್ ಬರ್ತೀನಪ್ಪ. ದಾರೀಲಿ ಒಂದ್ಸಲ ಹಬೆ ಬಂದ್ರೂ ನಾನೇ ಇದನ್ನ ಗುಜರಿಗೆ ತಳ್ತೀನಿ. ಬರ್ಲಿಲ್ಲ ಅಂದ್ರೆ ನೀವೇ ಅವನಿಗೆ ಫೋನ್ ಮಾಡಿ ಬೇಡ ಅನ್ಬೇಕು. ಭಾನುವಾರ ಹೋಗೋಣ," ಎಂದಳು.

"ಭಾನುವಾರ ರಸ್ತೆ ಖಾಲಿ ಇರುತ್ತೆ. ಶನಿವಾರ ಹೋಗು, ನಾನೂ ಬರ್ತೀನಿ," ಎಂದ ರಮೇಶ. ನಮ್ಮ ಮಗನಿಗೆ ಯಾವುದನ್ನೂ ಸುಲಭ ಮಾಡಿ ಗೊತ್ತಿಲ್ಲ.

ಅವಳು ಮಾಡಿದ್ದೇನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಎಂಜಿನ್ನಿನ ಸುತ್ತ ನೀರು ಹರಿದು ಅದರ ಬಿಸಿಯನ್ನು ಮುಂದಿನ ರೇಡಿಯೇಟರಿಗೆ ತಂದು ಹಾಕಬೇಕು. ಹಳೆಯ ಪಂಪನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತಿತ್ತು. ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನವಾದರೆ ಪಂಪೂ ನಿಧಾನ, ನೀರೂ ನಿಧಾನ. ಗಾಳಿಯಿಲ್ಲದೆ ಬೇಯುತ್ತಿರುವ ಹೊತ್ತಿನಲ್ಲೇ ನೀರು ಸೋಮಾರಿಯಾಗುತ್ತಿತ್ತು. ನಂದಿನಿ ಹಳೆಯ ಪಂಪಿನ ರೆಕ್ಕೆ ತೆಗೆದುಹಾಕಿ, ರೇಡಿಯೇಟರಿನ ಪೈಪಿನ ನಡುವೆ ಮುಷ್ಟಿ ಗಾತ್ರದ ಹೊಸ ಪಂಪು ಕೂರಿಸಿದಳು. ಅದಕ್ಕೆ ಎಂಜಿನ್ನಿನ ಹಂಗಿಲ್ಲ. ಬಿಸಿ ಹೆಚ್ಚಾದರೆ ತಾನೇ ಜೋರಾಗಿ ಓಡುತ್ತದೆ. ಸ್ಟೇರಿಂಗಿನ ಕೆಳಗೆ ಅದಕ್ಕೆಂದೇ ಒಂದು ಸ್ವಿಚ್ಚನ್ನೂ ಹಾಕಿದ್ದಳು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಹೊರಟೆವು. ಮೇ ತಿಂಗಳ ಬಿಸಿಲು, ಸೀಟು ಮುಟ್ಟಿದರೆ ಸುಡುತ್ತಿತ್ತು. ನಂದಿನಿ ಓಡಿಸುತ್ತಿದ್ದಳು, ಪಕ್ಕದಲ್ಲಿ ರಮೇಶ, ಹಿಂದೆ ನಾವಿಬ್ಬರು. ತೂಗುಸೇತುವೆ ಹತ್ತಿದಾಗ ಯಜಮಾನರು ಬಾನೆಟ್ಟನ್ನೇ ನೋಡತೊಡಗಿದರು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು, ಲಾರಿ, ಆಟೊಗಳ ನಡುವೆ ಇರುವೆಯಂತೆ ತೆವಳಿದೆವು. ಬಿಸಿ ತೋರಿಸುವ ಸೂಜಿ ನಡುವಿನಲ್ಲೇ ಕೂತಿತ್ತು. ಇಂದಿರಾನಗರ ದಾಟಿತು, ಹಲಸೂರು ಕೆರೆ ದಾಟಿತು, ಸೂಜಿ ಅಲ್ಲಾಡಲಿಲ್ಲ. ನಾನು ರಮೇಶನ ಬೆನ್ನಿಗೆ ತಿವಿದೆ.

"ಇನ್ನೂ ವಾಪಸ್ ಬರೋದಿದೆ ಕಣಮ್ಮ," ಎಂದ.

ಶಿವಾಜಿನಗರದಲ್ಲಿ ನಂದಿನಿ ಪೈಪು ಕೊಂಡಿದ್ದ ಅಂಗಡಿಯ ಮುಂದೆ ನಿಲ್ಲಿಸಿದಳು. ಅಂಗಡಿಯ ಮುದುಕರು ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಅಚ್ಛಾ ಮಾಡಿದ್ದೀಯ ಬೇಟಿ. ಈ ಗಾಡಿ ಯಾರ್ದು?" ಎಂದರು.

"ನಮ್ಮ ತಾತಂದು, ಚಾಚಾ."

"ತಾತಂಗೂ ಒಂದು ಪಂಪು ಹಾಕ್ಬಿಡು, ಇನ್ನೂ ಬಹಳ ದಿನ ಓಡ್ತಾರೆ," ಎಂದು ನಕ್ಕರು. ಯಜಮಾನರು ಕಾರಿನಿಂದಿಳಿದು ಅವರ ಕೈ ಕುಲುಕಿದರು. ಪಕ್ಕದ ಅಂಗಡಿಯಿಂದ ಎಲ್ಲರಿಗೂ ಹಾಲಿಲ್ಲದ ಸುಲೇಮಾನಿ ಚಹಾ ಬಂತು.

ಬೆನ್ಸನ್ ಟೌನಿನ ಮನೆಯಲ್ಲಿ ಅಕ್ಕ ಸೆರಗು ಬಿಗಿದು ಸಿದ್ಧಳಾಗಿದ್ದಳು. ಕಾರನ್ನು ಕಂಡದ್ದೇ, "ಇದರಲ್ಲೇನೆ? ಫೋನಲ್ಲಿ ಹೇಳ್ಬಾರ್ದಿತ್ತಾ? ಹಳೇ ಸೀರೆ ಉಡ್ತಿದ್ದೆ," ಎಂದಳು.

"ಹತ್ತು ಅಕ್ಕ, ನಿನ್ನ ಮೊಮ್ಮಗಳು ರಿಪೇರಿ ಮಾಡಿದ್ದಾಳೆ."

"ಬ್ಯಾಗಲ್ಲಿ ಮೆಟ್ರೊ ಕಾರ್ಡ್ ಇದೆ, ಹೇಳಿರ್ತೀನಿ," ಎನ್ನುತ್ತ ಹತ್ತಿದಳು.

ತಪ್ಪಾದದ್ದು ಹಲಸೂರಿನಲ್ಲಿ. ಅಕ್ಕನಿಗೆ ದೇವಸ್ಥಾನಕ್ಕೆ ಹೋಗಬೇಕಿತ್ತು. ನಂದಿನಿ ಅವಳ ಕೈ ಹಿಡಿದು ರಸ್ತೆ ದಾಟಿಸಿದಳು, ರಮೇಶ ಎಳನೀರಿಗೆ ಹೋದ. ನಾನು, ಯಜಮಾನರು ಕಾರಿನಲ್ಲೇ ಕೂತೆವು. ಎಂಜಿನ್ ನಿಂತಿತ್ತು, ಆದರೆ ಎಲ್ಲೋ ಗುಂಯ್ ಎಂದು ಸದ್ದು ಬರುತ್ತಲೇ ಇತ್ತು. ನಮ್ಮ ಮನೆಯಲ್ಲಿ ಸಂಪಿನ ಮೋಟರ್ ಓಡುವ ಸದ್ದು ಕೇಳಿದರೆ ಯಾರಿದ್ದರೂ ಎದ್ದು ಹೋಗಿ ಆಫ್ ಮಾಡಬೇಕು, ಇಲ್ಲದಿದ್ದರೆ ಟ್ಯಾಂಕ್ ತುಂಬಿ ತಾರಸಿಯಿಂದ ನೀರು ಸುರಿಯುತ್ತದೆ.

"ರೀ, ಮೋಟರ್ ಓಡ್ತಾ ಇದೆ," ಎಂದೆ.

"ಹೌದಲ್ವ, ಹುಡುಗಿ ಮರೆತಿದ್ದಾಳೆ," ಎಂದು ಯಜಮಾನರು ಮುಂದಿನ ಸೀಟುಗಳ ನಡುವೆ ಬಗ್ಗಿ ಸ್ಟೇರಿಂಗಿನ ಕೆಳಗಿನ ಸ್ವಿಚ್ ಆರಿಸಿದರು. ಬ್ಯಾಟರಿ ಉಳಿಸಿದೆವೆಂದು ಇಬ್ಬರಿಗೂ ಸಮಾಧಾನ.

ಅಕ್ಕ ಮಲ್ಲಿಗೆ ಹೂವು ಹಿಡಿದು ಬಂದಳು, ಹೊರಟೆವು. ಇಂದಿರಾನಗರ ಮೆಟ್ರೊ ನಿಲ್ದಾಣದ ಕೆಳಗೆ ವಾಹನಗಳು ಪೂರಾ ನಿಂತುಬಿಟ್ಟವು. ಹಾರ್ನುಗಳ ಗದ್ದಲದಲ್ಲಿ ಬೇರೆ ಏನೂ ಕೇಳುತ್ತಿರಲಿಲ್ಲ. ಮೊದಲು ನೋಡಿದ್ದು ರಮೇಶ. "ನಂದಿನಿ, ಸೂಜಿ ಮೇಲೆ ಹೋಗ್ತಿದೆ." ನಾನು ಇಣುಕಿದೆ. ಕೆಂಪು ಗೀಟಿಗೆ ಇನ್ನೊಂದು ಎಳೆಯಷ್ಟೇ ಬಾಕಿ. ಯಜಮಾನರು ಕಣ್ಣು ಮುಚ್ಚಿಕೊಂಡರು. ಅಕ್ಕ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು.

"ನಾನು ಮೆಟ್ರೊಲಿ ಹೋಗ್ತೀನಿ. ನೀವು ನಿಧಾನಕ್ಕೆ ತಳ್ಕೊಂಡ್ ಬನ್ನಿ."

ನಂದಿನಿ ಕಿವಿಗೊಟ್ಟು ಕೇಳಿ, ಸ್ಟೇರಿಂಗಿನ ಕೆಳಗೆ ಕೈ ಹಾಕಿದಳು. "ಪಂಪ್ ಸ್ವಿಚ್ ಯಾರು ಆಫ್ ಮಾಡಿದ್ದು?"

ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. "ಮೋಟರ್ ಓಡ್ತಾ ಇತ್ತಲ್ಲ ಪುಟ್ಟಿ," ಎಂದೆ.

"ಅದು ಓಡ್ಲೇಬೇಕು ಅಜ್ಜಿ. ಎಂಜಿನ್ ನಿಂತ ಮೇಲೂ ಬಿಸಿ ಇರುತ್ತಲ್ಲ, ತಣ್ಣಗಾದ್ಮೇಲೆ ತಾನೇ ನಿಲ್ಲುತ್ತೆ. ಹೇಳದೆ ಬಿಟ್ಟಿದ್ದು ನನ್ನ ತಪ್ಪು." ಅವಳು ಎಂಜಿನ್ ನಿಲ್ಲಿಸಿ, ಸೂಜಿ ಕಾಣಲೆಂದು ಕೀಲಿಯನ್ನು ಅರ್ಧಕ್ಕೆ ತಿರುಗಿಸಿ, ಸ್ವಿಚ್ ಹಾಕಿದಳು. ಮತ್ತೆ ಆ ಗುಂಯ್ ಸದ್ದು ಬಂತು. "ಎರಡು ನಿಮಿಷ ಇರಿ ದೊಡ್ಡಜ್ಜಿ."

ಹಿಂದಿನ ಆಟೊದವನು, "ಏನ್ ಮೇಡಂ, ಇಲ್ಲೇ ಮನೆ ಮಾಡ್ಬಿಟ್ರಾ?" ಎಂದು ಕೂಗಿದ. ಐದು ಜನರೂ ಒಂದು ಸೂಜಿಯನ್ನು ನೋಡುತ್ತಿದ್ದೆವು. ಅದು ಅಲ್ಲೇ ನಿಂತಿತು. ಆಮೇಲೆ ಕೂದಲೆಳೆಯಷ್ಟು ಕೆಳಗಿಳಿಯಿತು. ಮತ್ತಷ್ಟು ಇಳಿಯಿತು. ಬಾನೆಟ್ಟಿನಿಂದ ಒಂದೆಳೆ ಹಬೆಯೂ ಏಳಲಿಲ್ಲ.

"ಎಂಜಿನ್ ನಿಂತಿದೆ, ನೀರು ಓಡ್ತಾ ಇದೆ," ಎಂದರು ಯಜಮಾನರು, ಮಗುವಿನ ಹಾಗೆ. "ಹಳೇದಾಗಿದ್ರೆ ಇಷ್ಟು ಹೊತ್ತಿಗೆ ಕುದಿದು ಚೆಲ್ತಿತ್ತು ಕಣೋ ರಮೇಶ."

ಅಕ್ಕ ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡಳು. ಸೂಜಿ ನಡುವಿಗೆ ಬಂದಾಗ ನಂದಿನಿ ಮತ್ತೆ ಎಂಜಿನ್ ಹಚ್ಚಿದಳು. ಸಂಜೆಯ ಟಿನ್ ಫ್ಯಾಕ್ಟರಿ ಮಧ್ಯಾಹ್ನದ್ದಕ್ಕಿಂತ ಘೋರವಾಗಿತ್ತು. ಮುಂದಿನ ಬಸ್ಸಿನ ಬೆನ್ನನ್ನೇ ನೋಡುತ್ತ ಎಷ್ಟೋ ಹೊತ್ತು ಕೂತೆವು. ಸೂಜಿ ಜಗ್ಗಲಿಲ್ಲ. ತೂಗುಸೇತುವೆ ಇಳಿಯುವಾಗ ರಮೇಶ ಜೇಬಿನಿಂದ ಫೋನ್ ತೆಗೆದ. "ಸೋಮವಾರ ಬರೋದು ಬೇಡ ಗುರು. ಇಲ್ಲ, ಬೇರೆಯವರಿಗೆ ಕೊಡ್ತಿಲ್ಲ. ನಾವೇ ಇಟ್ಕೋತೀವಿ." ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಅವರ ಕೈ ಮೇಲೆ ಕೈಯಿಟ್ಟೆ.

ಮನೆಯಲ್ಲಿ ಸೊಸೆ ಉಮಾ ಚಪಾತಿ, ಎಣ್ಣೆಗಾಯಿ, ಮಾವಿನಹಣ್ಣಿನ ಸೀಕರಣೆ ಮಾಡಿಟ್ಟಿದ್ದಳು. ನಂದಿನಿಗೆ ಕೈಯ ಗ್ರೀಸು ಪೂರ್ತಿ ಹೋಗಿರಲಿಲ್ಲ, ಹಾಗೇ ಚಮಚದಲ್ಲಿ ಸೀಕರಣೆ ತಿನ್ನುತ್ತಿದ್ದಳು. ಎಲ್ಲರೂ ನಡುಮನೆಯಲ್ಲಿ ಒಟ್ಟಿಗೆ ಕೂತಿದ್ದೆವು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದೆವು. ಮಾತಾಡದೆ ಉಣ್ಣುತ್ತಿದ್ದವಳು ಅಕ್ಕ ಒಬ್ಬಳೇ.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಾ ದೊಡ್ಡಮ್ಮ?" ಎಂದು ರಮೇಶ ಕೇಳಿದ. "ಕ್ಯಾಬ್ ಬುಕ್ ಮಾಡಿಡ್ತೀನಿ."

ಅಕ್ಕ ತಲೆ ಎತ್ತಿದಳು. "ಕ್ಯಾಬ್ ಯಾಕೋ? ಮನೇಲಿ ಕಾರಿದೆಯಲ್ಲ."

ಯಜಮಾನರು ತಟ್ಟೆ ಮುಂದೆ ಮಾಡಿ ಇನ್ನೊಂದು ಚಪಾತಿ ಹಾಕಿಸಿಕೊಂಡರು.