ನೀರು ಬೇಡದ ಗೋಡೆ

“ಇವತ್ತಾದ್ರೂ ಗೋಡೆಗೆ ಸ್ನಾನ ಮಾಡಿಸ್ಬೇಡ ಮಾರಾಯ!”

ಹೀಗೆ ಕಿಚಾಯಿಸಿದ್ದು ಒಬ್ಬ ಬಡಗಿ. ಪೆಟ್ರೋಲ್ ಬಂಕಿನ ಎದುರಿನ ಫುಟ್‌ಪಾತಿನಲ್ಲಿ ದಿನಗೂಲಿಯವರು ಸಾಲಾಗಿ ನಿಂತಿದ್ದಾರೆ. ಇನ್ನೂ ಬೆಳಕು ಹರಿದಿಲ್ಲ. ಬಂಕಿನ ದೀಪದಲ್ಲೇ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಬಡಗಿಯ ಮಾತಿಗೆ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಲೇವಡಿಗೆ ಗುರಿಯಾದ ಮೇಸ್ತ್ರಿಯೂ ನಗುತ್ತಾರೆ, ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.

“ನಗ್ಲಿ ಬಿಡಿ ಸಾರ್. ಕೆಲಸ ಸಿಗದಿದ್ರೂ ನಗೋಕೊಂದು ನೆಪ ಸಿಕ್ತಲ್ಲ,” ಎನ್ನುತ್ತಾರೆ, ಅವರ ಕಥೆ ಬರೆಯಲು ಬಂದ ನನ್ನ ಕಡೆ ತಿರುಗಿ. ಇವತ್ತು ಅವರು ಕೂಲಿಗೆ ನಿಂತಿಲ್ಲ, ಬಸ್ಸಿಗೆ ನಿಂತಿದ್ದಾರೆ. ಹಿಂದೆ ತಮ್ಮನ್ನು ಹೊರಗಟ್ಟಿದ್ದ ಕಟ್ಟಡಕ್ಕೇ ಮತ್ತೆ ಹೊರಟಿದ್ದಾರೆ. ಒಂದು ಕೋಣೆ, ಒಂದು ದಿನ. ಕೈಗುಣ ತೋರಿಸಿದರೆ ಕೆಲಸ ಖಾಯಂ.

ಈ ಸಾಲಿನಲ್ಲಿ ಅವರಿಗೆ ‘ಬಕೆಟ್ ಮೇಸ್ತ್ರಿ’ ಎಂದೇ ಹೆಸರು. ಅದು ಅಂಟಿಕೊಂಡ ಕಥೆಯನ್ನು ಅವರೇ ಬಾಯ್ತುಂಬಾ ಹೇಳುತ್ತಾರೆ. ತಮ್ಮೂರಲ್ಲಿ ಇಪ್ಪತ್ತು ವರ್ಷ ಇಟ್ಟಿಗೆ ಕಟ್ಟಿದವರು, ಗಾರೆ ಬಳಿದವರು. ಒಣ ಇಟ್ಟಿಗೆ ಗಾರೆಯಲ್ಲಿನ ನೀರನ್ನೆಲ್ಲ ಹೀರಿಬಿಡುತ್ತದೆ, ಆಮೇಲೆ ಗೋಡೆ ಬಿರುಕು ಬಿಡುತ್ತದೆ. ಅದಕ್ಕೇ ಬಳಿಯುವ ಮುಂಚೆ ಗೋಡೆಗೆ ಚೆನ್ನಾಗಿ ನೀರು ಕುಡಿಸಬೇಕು. ಈ ಪರದೇಶಕ್ಕೆ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ ಫೋರ್‌ಮನ್ ಒಂದು ಕೋಣೆ ತೋರಿಸಿ, “ಸಂದು ಮುಚ್ಚು,” ಎಂದು ಹೇಳಿ ಹೋದರು. ಮೇಸ್ತ್ರಿ ಮೊದಲು ಹುಡುಕಿದ್ದು ನಲ್ಲಿಯನ್ನು.

ಇಲ್ಲಿಯ ಗೋಡೆ ಇಟ್ಟಿಗೆಯದಲ್ಲ. ಎರಡು ದಪ್ಪ ಕಾಗದಗಳ ನಡುವೆ ಬಿಳಿ ಪುಡಿ ಒತ್ತಿ ಮಾಡಿದ ಜಿಪ್ಸಂ ಬೋರ್ಡು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಗೋಡೆ ಬಕೆಟ್‌ಗಟ್ಟಲೆ ನೀರು ಕುಡಿದು ನೆನೆದ ರಟ್ಟಿನಂತೆ ಉಬ್ಬಿ ನಿಂತಿದ್ದವು.

“ಫೋರ್‌ಮನ್ ನಮ್ಮ ಮಾತಿನವರೇ. ಬಂದು ನೋಡಿದ್ರು. ‘ಏನಯ್ಯಾ, ಇದು ಗೋಡೆನೋ, ಹೂವಿನ ಗಿಡಾನೋ?’ ಅಂದ್ರು. ಅಷ್ಟೇ, ಚೀಲ ಎತ್ಕೊಂಡು ಹೊರಗೆ ಬಂದೆ. ನನ್ನ ತಪ್ಪೇ ಸಾರ್. ಒಂದು ಮಾತು ಕೇಳ್ಬೇಕಿತ್ತು. ಇಷ್ಟು ವರ್ಷ ಮಾಡಿದೋನು ನಾನ್ಯಾಕೆ ಕೇಳ್ಲಿ ಅನ್ನೋ ಜಂಬ.”

ಆಮೇಲೆ ಫುಟ್‌ಪಾತಿನ ಬದುಕು. ಟೈಲ್ಸ್ ಹಾಸಿದ್ದಾರೆ, ಬಣ್ಣ ಹೊಡೆದಿದ್ದಾರೆ, ಹಳೆ ಮನೆ ಕೆಡವಿದ್ದಾರೆ, ಯಾರದೋ ಹಿತ್ತಲಿಗೆ ಬೇಲಿ ಹಾಕಿ ಅವರ ನಾಯಿಯ ಸ್ನೇಹವನ್ನೂ ಸಂಪಾದಿಸಿದ್ದಾರೆ. “ಮುಂಚೆ ಏನ್ ಕೇಳಿದ್ರೂ ‘ಬರುತ್ತೆ’ ಅಂತಿದ್ದೆ. ಈಗ ‘ಒಂದ್ಸಲ ತೋರಿಸಿ, ಮಾಡ್ತೀನಿ’ ಅಂತೀನಿ.” ಬಿಡುವಾದಾಗಲೆಲ್ಲ ಆ ಕಟ್ಟಡದ ಗೇಟಿಗೆ ಹೋಗಿ ಫೋರ್‌ಮನ್ನಿಗೆ ಒಂದು ನಮಸ್ಕಾರ ಹೊಡೆದು ಬರುತ್ತಿದ್ದರು. ಬೈದರೂ ಹೋದರು, ಕಂಡೂ ಕಾಣದಂತೆ ಇದ್ದರೂ ಹೋದರು. ಕೊನೆಗೆ ಫೋರ್‌ಮನ್ನೇ ಸೋತು, “ಬಾರಯ್ಯಾ, ಒಂದು ದಿನ ನೋಡೋಣ,” ಎಂದಿದ್ದಾರೆ.

ಇಷ್ಟು ಬೆನ್ನು ಹತ್ತಿದ್ದಕ್ಕೆ ಕಾರಣ ಮಗಳು. ಅವಳು ಊರಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಾಳೆ. ಅಪ್ಪನಿಗೆ ಖಾಯಂ ಕೆಲಸವಾಗದೆ ಅವಳನ್ನು ಕರೆಸಿಕೊಳ್ಳಲು ಇಲ್ಲಿಯ ಕಾನೂನು ಬಿಡುವುದಿಲ್ಲ.

ಗಂಡ ಹೆಂಡತಿ ಇರುವುದು ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ. ಕಿಟಕಿಯ ಬಳಿ ಆಕೆಯ ಹೊಲಿಗೆ ಯಂತ್ರ. ಅಕ್ಕಪಕ್ಕದವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುತ್ತಾರೆ. ಕೋಣೆಯ ಮೂಲೆಗೆ ಅಡ್ಡವಾಗಿ ಒಂದು ಗೋಡೆ ನಿಂತಿದೆ. ಯಾರೋ ಬಿಸಾಡಿದ ಬೋರ್ಡಿನ ಚೂರುಗಳನ್ನು ಹೊತ್ತು ತಂದು ಮೇಸ್ತ್ರಿ ಕಲಿತದ್ದು ಇದರ ಮೇಲೆಯೇ. ಸಂದಿಗೆ ಕಾಗದದ ಪಟ್ಟಿ ಅಂಟಿಸು, ತೆಳ್ಳಗೆ ಪುಟ್ಟಿ ಎಳೆ, ಒಣಗಿದ ಮೇಲೆ ಉಜ್ಜು, ಮತ್ತೆ ಎಳೆ. ಪರೀಕ್ಷೆ ಮಾಡುವವರು ಹೆಂಡತಿ. ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದರೆ ಸಣ್ಣ ಉಬ್ಬೂ ಉದ್ದನೆಯ ನೆರಳು ಬಿಡುತ್ತದೆ.

“ನಂಗೆ ಗಾರೆ ಗೀರೆ ಗೊತ್ತಿಲ್ಲಪ್ಪ,” ಎನ್ನುತ್ತಾರೆ ಆಕೆ. “ಹೊಲಿಗೆ ಗೊತ್ತು. ಹೊಲಿದಿದ್ದು ಹೊರಗೆ ಕಾಣಬಾರದು. ಇವರದು ಮೊದಮೊದಲು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿತ್ತು!”

“ಫೋರ್‌ಮನ್ ಒಂದ್ಸಲ ಓಡಿಸಿದ್ರು. ಇವಳು ದಿನಾ ಓಡಿಸ್ತಾಳೆ,” ಎಂದು ಗಂಡನ ದೂರು. ಆ ಗೋಡೆಯ ಹಿಂದೆ ಒಂದು ಮಂಚ ಹಿಡಿಸುವಷ್ಟು ಜಾಗ ಖಾಲಿ ಇದೆ. ಅಲ್ಲಿ ಒಂದು ಚೀಲವನ್ನೂ ಇಡಲು ಆಕೆ ಬಿಡುವುದಿಲ್ಲ.

ಕಟ್ಟಡದಲ್ಲಿ ಇವತ್ತು ಮೇಸ್ತ್ರಿಯ ಬಾಯಿ ಬಂದ್. ಕೈ ಮಾತ್ರ ಆಡುತ್ತಿದೆ. ಒಂದು ಸಂದು ಮುಗಿದರೆ ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ, ಮುಂದಕ್ಕೆ ಸರಿಯುತ್ತಾರೆ. ಊಟದ ಹೊತ್ತಿಗೆ ಪಕ್ಕದ ಕೋಣೆಯವನು ಬೇಕೆಂದೇ ಬಕೆಟ್ ತುಂಬಾ ನೀರು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾನೆ. ಮೇಸ್ತ್ರಿ ಅದರಲ್ಲಿ ಕೈ ತೊಳೆದುಕೊಂಡು, “ಉಪಕಾರವಾಯ್ತಪ್ಪಾ,” ಎಂದು ಊಟಕ್ಕೆ ಕೂರುತ್ತಾರೆ.

ಸಂಜೆ ಫೋರ್‌ಮನ್ ಟಾರ್ಚ್ ಹಿಡಿದು ಬರುತ್ತಾರೆ. ಒಂದು ಗೋಡೆ, ಎರಡು, ಮೂರು. ಕಿಟಕಿಯ ಪಕ್ಕ ಬೆಳಕು ನಿಲ್ಲುತ್ತದೆ. ಅಲ್ಲೊಂದು ಸಣ್ಣ ಉಬ್ಬು.

“ಇದನ್ನ ನಾಳೆ ಬಂದು ಸರಿ ಮಾಡು.”

“ನಾಳೆನಾ ಸಾರ್?”

“ಯಾಕೆ, ನಾಳೆ ಬೇರೆ ಗೋಡೆಗೆ ಸ್ನಾನ ಮಾಡಿಸೋದಿದ್ಯಾ? ಮೇಲೆ ಇನ್ನೂ ಮೂರು ಮಹಡಿ ಕಾಯ್ತಾ ಇದೆ. ನಾಳೆಯಿಂದ ನೀನು ನಮ್ಮೋನು, ಆಫೀಸಲ್ಲಿ ಹೇಳಿದ್ದೀನಿ. ಬಂಕಿನ ಹತ್ರ ನಿಂತಿರು, ವ್ಯಾನ್ ಬರುತ್ತೆ.”

ಗೇಟು ದಾಟಿದ ಕೂಡಲೇ ಮನೆಗೆ ಫೋನ್. “ಸಿಕ್ತು ಕಣೇ. ಒಂದು ತಪ್ಪೂ ಸಿಕ್ತು ಅವರಿಗೆ.”

“ಕಿಟಕಿ ಹತ್ರ ತಾನೇ?” ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿದೆ. “ಅಲ್ಲೇ ರೀ ನಿಮ್ಮ ಕೈ ಅವಸರ ಮಾಡೋದು!” ಆಮೇಲೆ, “ಮಂಚ ನೋಡ್ಬೇಕಲ್ಲ ಹಾಗಾದ್ರೆ,” ಎನ್ನುತ್ತಾರೆ ಮೆಲ್ಲಗೆ.

ಮಾರನೆಯ ಬೆಳಗ್ಗೆ ಅದೇ ಫುಟ್‌ಪಾತು. ದಿನವೂ ನಿಲ್ಲದೆ ಹೋಗುತ್ತಿದ್ದ ಬಿಳಿ ವ್ಯಾನು ಸಾಲಿನ ಮುಂದೆ ಬಂದು ನಿಲ್ಲುತ್ತದೆ. ಬಾಗಿಲು ಸರಿಯುತ್ತದೆ. ಒಳಗೆ ಸೀಟುಗಳೆಲ್ಲ ಭರ್ತಿ. ಎರಡು ಸೀಟುಗಳ ನಡುವೆ ಯಾರೋ ಒಂದು ಖಾಲಿ ಬಕೆಟ್ಟನ್ನು ಬೋರಲು ಹಾಕಿ, ಮೇಲೆ ಮಡಿಸಿದ ಗೋಣಿಚೀಲ ಹಾಸಿಟ್ಟಿದ್ದಾರೆ. ಮೇಸ್ತ್ರಿ ಹತ್ತಿ, ಅದರ ಮೇಲೆ ಕೂತು, ಬಾಗಿಲು ಎಳೆದುಕೊಳ್ಳುತ್ತಾರೆ.