ಧರೆಯ ಮೇಲಿನ ಪಾಚಿ

ಕಾಫಿ ಗಿಡದ ಪಾಚಿ ಉಜ್ಜುವುದರಲ್ಲಿ ನನ್ನ ಅಮ್ಮನನ್ನು ಮೀರಿಸುವವರು ನಮ್ಮ ಸುತ್ತಿನ ಎಸ್ಟೇಟುಗಳಲ್ಲಿ ಯಾರೂ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡದ ಕಾಂಡಕ್ಕೂ ರೆಂಬೆಗಳಿಗೂ ಹಸಿರು ಪಾಚಿ ಹತ್ತಿಕೊಂಡಿರುತ್ತದೆ. ತೆಂಗಿನ ನಾರಿನಿಂದ ತಿಕ್ಕಿ ತೆಗೆಯದಿದ್ದರೆ ಚಿಗುರು ಸರಿಯಾಗಿ ಬರುವುದಿಲ್ಲ. ಅಮ್ಮ ತಿಕ್ಕಿದ ಗಿಡ ಬೆಳಗಿದ ಚೊಂಬಿನ ಹಾಗಿರುತ್ತದೆ. ಹೊಸದಾಗಿ ಸೇರಿದವರನ್ನು ಮೇಸ್ತ್ರಿ ಕರೆತಂದು ಅವಳ ಸಾಲನ್ನೇ ತೋರಿಸುತ್ತಾರೆ. ನಾನು ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಆಷಾಢದ ಮಳೆಗೆ ನಮ್ಮ ಮನೆಯ ಹಿಂದಿನ ಧರೆ ಜರಿಯಿತು. ಗುಡ್ಡ ಕಡಿದು ಮನೆ ಕಟ್ಟಿದರೆ ಬೆನ್ನಿಗೆ ಒಂದು ಮಣ್ಣಿನ ಗೋಡೆ ಉಳಿಯುತ್ತದಲ್ಲ, ಅದು. ಮಣ್ಣು ಬಚ್ಚಲಿನ ಗೋಡೆಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನೋಡಲು ಬಂದ ಪಂಚಾಯಿತಿಯವರು, “ಮೇಲ್ಗಡೆ ಚರಂಡಿ ತೆಗ್ಸಿ ನೀರು ತಿರುಗಿಸ್ಕೊಳಿ. ಮುಂದಿನ ಮಳೆಗಾಲಕ್ಕೆ ಮತ್ತೆ ಜರಿದ್ರೆ ಮಾತ್ರ ನೀವು ಇಲ್ಲಿರೋದು ಬೇಡಮ್ಮ” ಎಂದರು.

ಎಸ್ಟೇಟಿನವರು ಕೂಲಿಯವರಿಗೆ ಕೊಡುವ ಲೈನ್ ಮನೆ ಬಿಟ್ಟು ಅಮ್ಮ ತಾನೇ ಮಣ್ಣು ಹೊತ್ತು, ಇಟ್ಟಿಗೆ ಹೊತ್ತು ಕಟ್ಟಿಸಿದ ಮನೆ ಇದು. ಪಂಚಾಯಿತಿಯವರು ಅತ್ತ ಹೋಗುತ್ತಲೇ ಅವಳು ಬುಟ್ಟಿ ತಂದು ಬಚ್ಚಲ ಹಿಂದಿನ ಮಣ್ಣು ತುಂಬತೊಡಗಿದಳು.

ಚರಂಡಿ ತೆಗೆಸಿದೆವು. ಧರೆ ಕೆಂಪಗೆ, ಬೋಳಾಗಿ ನಿಂತಿತ್ತು. ಮಳೆ ಹಿಂದಾಗುವ ಹೊತ್ತಿಗೆ ಆ ಕೆಂಪಿನ ಮೇಲೆ ತೆಳ್ಳಗೆ ಹಸಿರು ಕಂಡಿತು. ಅದರ ಮುಂದಿನ ಭಾನುವಾರ ಎದ್ದು ನೋಡಿದರೆ ಅಮ್ಮ ಕತ್ತಿ ಹಿಡಿದು ಅದನ್ನು ಕೆರೆಯುತ್ತಿದ್ದಾಳೆ. ಅರ್ಧ ಧರೆ ಆಗಲೇ ಸ್ವಚ್ಛ.

“ಏನಮ್ಮ ಮಾಡ್ತಿದೀಯ?”

“ಕಣ್ಣು ಕಾಣಲ್ವೇನೇ? ಪಾಚಿ ಹತ್ತಿದೆ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?”

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ಮನೆ ಹೇಳಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು. ಕತ್ತಿ ಕಿತ್ತುಕೊಂಡು ಅಲ್ಲೇ ಪಾಠ ಶುರು ಮಾಡಿದೆ. ನಲವತ್ತೈದು ಕೋಟಿ ವರ್ಷಕ್ಕೂ ಹಿಂದೆ ಭೂಮಿಯ ನೆಲವೆಲ್ಲ ಈ ಧರೆಯ ಹಾಗೇ ಬೋಳಾಗಿತ್ತು. ಹುಲ್ಲಿಲ್ಲ, ಮರವಿಲ್ಲ, ಹೂವೆಂಬುದೇ ಇಲ್ಲ. ಹಸಿರು ಏನಿದ್ದರೂ ನೀರಿನಲ್ಲಿ. ಅದರಲ್ಲೊಂದು ಬಗೆ ಅಂಚಿನ ಕೆಸರಿನಿಂದ ಮೆಲ್ಲಗೆ ನೆಲಕ್ಕೆ ಹತ್ತಿತು. ಬೇರೂ ಇಲ್ಲದ, ಬೆರಳಿನಷ್ಟೂ ಎತ್ತರವಿಲ್ಲದ ಗಿಡಗಳು ಮೊದಲು ಬಂದವು. ಕಾಫಿ, ಹಲಸು, ಹೊರಗಿನ ಕಾಡು ಎಲ್ಲ ಆ ವಂಶದ್ದೇ. “ಈಗ ನಮ್ಮ ಧರೆ ಮೇಲೂ ಹಂಗೇ ಶುರುವಾಗಿದೆ. ಇದು ಮೇಲ್ಮಣ್ಣು ಹಿಡೀತದೆ, ಆಮೇಲೆ ಜರಿಗಿಡ ಬರ್ತದೆ, ಹುಲ್ಲು ಬರ್ತದೆ, ಬೇರು ಇಳೀತದೆ. ನೀನು ಅದ್ನೇ ಕೆರೀತಿದೀಯ.”

ಅಮ್ಮ ಪೂರ್ತಿ ಕೇಳಿಸಿಕೊಂಡಳು. “ಆವಾಗ ಉಜ್ಜೋಕೆ ನಾನಿರ್ಲಿಲ್ಲ. ಅದ್ಕೇ ಉಳ್ಕಂಡಿದೆ” ಎಂದಳು. ಆಮೇಲೆ, “ಸರಿ ಮಾರಾಯ್ತಿ, ನಿನ್ನ ಪಾಚಿ ನಿಂಗೇ ಇರ್ಲಿ” ಎಂದು ಒಳಗೆ ಹೋದಳು.

ನಿಜ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ. ಗುಡ್ಡವೇ ಜಾರಲು ಹೊರಟರೆ ಪಾಚಿ ಏನು ಮಾಡೀತು? ಇಷ್ಟು ವರ್ಷ ಈ ಪಾಠವನ್ನು ಬೋರ್ಡಿನ ಮೇಲೆ ಬರೆದು ಅಳಿಸಿದ್ದೆ, ಅಷ್ಟೆ. ಈಗ ಅದನ್ನು ನೆಚ್ಚಿಕೊಂಡು ಕೂರಬೇಕಾಗಿತ್ತು.

ಬೇಸಿಗೆಯಲ್ಲಿ ಪಾಚಿ ಒಣಗಿ ಕಂದುಬಣ್ಣದ ಹಕ್ಕಳೆಯಾಯಿತು. “ಸತ್ತೋಯ್ತಲ್ಲೇ” ಎಂದು ಅಮ್ಮ ದಿನಕ್ಕೆರಡು ಸಲ ಚುಚ್ಚಿದಳು. ಕಾಫಿ ಹೂವರಳಿಸುವ ಮಳೆ ಬಂತು. ಒಂದು ಗಂಟೆಯೂ ಆಗಿರಲಿಲ್ಲ, ಹಿತ್ತಲಿನಿಂದ ಅಮ್ಮ ಕರೆದಳು. “ಬಾ ಇಲ್ಲಿ. ಎದ್ದೈತೆ.” ಧರೆಯೆಲ್ಲ ಹಸಿರು. ಅವಳ ಮುಖದಲ್ಲಿ ನಗು ನೋಡಿ ಬಹಳ ದಿನವಾಗಿತ್ತು. ನನಗೆ ಅಳು ಬಂತು.

ಆ ವರ್ಷದ ಮಳೆ ಕಡಿಮೆಯದ್ದೇನಲ್ಲ. ಅಮ್ಮ ದಿನವೂ ಛತ್ರಿ ಹಿಡಿದು ಹೋಗಿ ಧರೆ ನೋಡಿ ಬರುತ್ತಿದ್ದಳು. ಬಚ್ಚಲ ಮೂಲೆಯಲ್ಲಿ ಒಂದು ಬುಟ್ಟಿಯಷ್ಟು ಮಣ್ಣು ಬಿದ್ದಿದ್ದು ಬಿಟ್ಟರೆ ಧರೆ ನಿಂತಿತು. ಚರಂಡಿಯ ಪಾಲು ದೊಡ್ಡದು, ನನಗೆ ಗೊತ್ತು. ಆದರೆ ಪಾಚಿಯ ನಡುವೆ ಅಲ್ಲಲ್ಲಿ ಜರಿಗಿಡ ಸುರುಳಿ ಬಿಚ್ಚಿತ್ತು, ಹುಲ್ಲೂ ಬಂದಿತ್ತು. ಪಂಚಾಯಿತಿಯವರು ಮತ್ತೆ ಬಂದು ನೋಡಿ, ಸದ್ಯ ಹೆದರಬೇಡಿ ಎಂದು ಕಾಫಿ ಕುಡಿದು ಹೋದರು.

ಮಳೆ ಮುಗಿದು ಎಸ್ಟೇಟಿನಲ್ಲಿ ಪಾಚಿ ಉಜ್ಜುವ ಕೆಲಸ ಶುರುವಾಯಿತು. ಒಂದು ಸಂಜೆ ಅಮ್ಮ ಗೋಣಿಚೀಲ ಹೊತ್ತು ಬಂದಳು. ಬಿಚ್ಚಿದರೆ, ಆ ದಿನ ಗಿಡಗಳಿಂದ ತಿಕ್ಕಿ ತೆಗೆದ ಪಾಚಿ. ಮಣ್ಣು ಬಿದ್ದು ಬೋಳಾಗಿದ್ದ ಬಚ್ಚಲ ಮೂಲೆಯ ಧರೆಗೆ ನೀರು ಚಿಮುಕಿಸಿ, ಹಿಡಿ ಹಿಡಿಯಾಗಿ ಇಟ್ಟು ಅಂಗೈಯಿಂದ ಒತ್ತತೊಡಗಿದಳು.

“ಇದನ್ಯಾಕೆ ಕಟ್ಕೊಂಡ್ ಹೋಗ್ತೀಯ ಅಂತ ಮೇಸ್ತ್ರಿ ಕೇಳಿದ್ರು” ಎಂದಳು.

“ನೀನೇನಂದೆ?”

“ಬೀಜಕ್ಕೆ ಅಂದೆ.”

ಪಾಚಿಗೆ ಬೀಜವಿಲ್ಲ. ಅದನ್ನು ತಪ್ಪಾಗಿ ಬರೆದರೆ ನಾನು ಮಕ್ಕಳಿಗೆ ಮಾರ್ಕ್ಸ್ ಕಳೆಯುತ್ತೇನೆ. ಮರದ ಪಾಚಿ ಮಣ್ಣಿಗೆ ಹತ್ತುತ್ತದೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಒಂದು ಹಿಡಿ ನಾನೂ ತೆಗೆದುಕೊಂಡೆ.