ಹೊಸ್ತಿಲಾಚೆಯ ಚರ್ಮದ ಬ್ಯಾಗು

ಐವತ್ತರ ದಶಕದ ಬೊಂಬಾಯಿ. ಮದುವೆಯಾದ ಹೊಸದರಲ್ಲಿ, ಗೋರೆಗಾಂವ್‌ನ ಚಾಳಿನಲ್ಲಿ ಕೂತು ಒಂದು ಚರ್ಮದ ಬ್ಯಾಗು ಹೊಲಿಯಲು ಹೊರಟೆ. ಚರ್ಮ ಹೊಸ್ತಿಲು ದಾಟಕೂಡದೆಂದು ನಮ್ಮತ್ತೆಯ ಕಟ್ಟಪ್ಪಣೆ. ಹಾಗಾಗಿ ನಾನು ಹೊರಗೆ ಗ್ಯಾಲರಿಯಲ್ಲಿ ಹೊಲಿಯುತ್ತಿದ್ದೆ, ಅವರು ಒಳಗಿನಿಂದಲೇ ಹೇಳಿಕೊಡುತ್ತಿದ್ದರು.

“ಮೊದಲು ಕಚ್ಚಾ ಹೊಲಿಗೆ ಹಾಕ್ಕೊಳೇ, ರವಿಕೆಗೆ ಹಾಕೋ ಹಾಗೆ. ಆಮೇಲೆ ಬಿಚ್ಚಿದರಾಯ್ತು.”

ಹಾಕಿದೆ, ಬಿಚ್ಚಿದೆ. ದಾರವೇನೋ ಬಂತು, ತೂತುಗಳು ಉಳಿದವು. ಚರ್ಮ ಬಟ್ಟೆಯಂತೆ ಕೂಡಿಕೊಳ್ಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಇಸ್ತ್ರಿ ಮಾಡು, ಮುಚ್ಚಿಕೊಳ್ಳತ್ತೆ” ಎಂದರು. ಪುಣ್ಯಕ್ಕೆ ಅದೊಂದು ಮಾತು ನಾನು ಕೇಳಲಿಲ್ಲ.

ಒಂದು ದಿನ ಇಬ್ಬರೂ ಲೋಕಲ್ ರೈಲಿನಲ್ಲಿ ಬಾಂದ್ರಾಕ್ಕೆ ಹೊರಟಿದ್ದೆವು. ಬ್ಯಾಗು ಸೋಕೀತೆಂದು ಅತ್ತೆ ಸೆರಗು ಒತ್ತಿಕೊಂಡು ಸರಿದು ಕೂತಿದ್ದರು. ಎದುರಿನ ಹೆಂಗಸು ಆ ತೂತುಗಳ ಸಾಲನ್ನೇ ನೋಡುತ್ತಾ, “ಎಂಥ ಚೆಂದದ ಡಿಸೈನ್! ಯಾರು ಮಾಡಿದ್ದು?” ಎಂದು ಹಿಂದಿಯಲ್ಲಿ ಕೇಳಿದಳು. ನಾಚಿಕೆಯಿಂದ ನಾನು ಅಂಗೈಯಲ್ಲಿ ತೂತುಗಳನ್ನು ಮುಚ್ಚಿಕೊಂಡೆ.

“ಹಮ್ ಸಿಖಾಯಾ!” ಎಂದು, ಕಲಿಸಿದ್ದು ತಾವೇ ಎಂಬುದನ್ನು ತಮ್ಮ ಹರಕು ಹಿಂದಿಯಲ್ಲಿ ಸಾರಿದರು ಅತ್ತೆ. ಬ್ಯಾಗನ್ನು ನನ್ನ ಕೈಯಿಂದ ಕಸಿದು ತೊಡೆಯ ಮೇಲಿಟ್ಟುಕೊಂಡು, ಬಾಂದ್ರಾ ಬರುವವರೆಗೂ ತಿರುಗಿಸಿ ತಿರುಗಿಸಿ ತೋರಿಸಿದರು.

ಮನೆಗೆ ಬಂದವರೇ ನೇರ ಬಚ್ಚಲಿಗೆ ನಡೆದು ತಲೆಗೆ ನೀರು ಹಾಕಿಕೊಂಡರು. ಬ್ಯಾಗು ಎಂದಿನಂತೆ ಬಾಗಿಲಾಚೆಯ ಮೊಳೆಗೆ. ಮೈಲಿಗೆ ತೊಳೆದುಹೋಯಿತು, ಡಿಸೈನ್ ಮಾತ್ರ ಕೊನೆಯವರೆಗೂ ಅವರದೇ ಆಗಿ ಉಳಿಯಿತು.